ಪ, ಬ, ಮ ಮೂರೂ ಒಂದೇ

ನಮ್ಮ ಮನೆಯ ಜಗಳ ಪಕ್ಕದ ಮನೆಗೆ ಕೇಳಿಸುತ್ತಿರಲಿಲ್ಲ. ದಾವಣಗೆರೆಯ ಮಿಲ್ಲಿನ ಹಿಂದಿನ ಆ ಗಲ್ಲಿಯಲ್ಲಿ ಇದೊಂದು ದೊಡ್ಡ ಸೋಜಿಗ. ಉಳಿದ ಮನೆಗಳಲ್ಲಿ ಸಾರಿಗೆ ಉಪ್ಪು ಹೆಚ್ಚಾದರೂ ಗಲ್ಲಿಗೆಲ್ಲ ಗೊತ್ತಾಗುತ್ತಿತ್ತು. ನಾನೂ ನಮ್ಮಪ್ಪನೂ ಮಾತ್ರ ಎದುರುಬದುರು ಕೂತು, ಕೈ ಬೀಸಿ, ಹುಬ್ಬು ಏರಿಸಿ, ಒಂದಿಷ್ಟೂ ಸದ್ದಿಲ್ಲದೆ ಜಗಳವಾಡುತ್ತಿದ್ದೆವು. ಮಾತಿನಲ್ಲಿ ಸೋಲುವ ಲಕ್ಷಣ ಕಂಡರೆ ಸಾಕು, ಅಪ್ಪ ಕಣ್ಣು ಮುಚ್ಚಿಕೊಂಡುಬಿಡುತ್ತಿದ್ದ. ಕಣ್ಣು ಮುಚ್ಚಿದರೆ ಅವನಿಗೆ ನನ್ನ ಮಾತು ತಲುಪುವ ದಾರಿಯೇ ಇರಲಿಲ್ಲ. ಎಂಥ ಅನ್ಯಾಯ ನೋಡಿ! ಎಷ್ಟೋ ಸಲ ಅವನ ರೆಪ್ಪೆಯನ್ನು ಬೆರಳಿನಿಂದ ಬಿಡಿಸಿ ನನ್ನ ವಾದ ಮುಂದುವರಿಸಿದ್ದೇನೆ.

ಅಪ್ಪ ಮಿಲ್ಲಿನಲ್ಲಿ ಮಗ್ಗದ ಖಾತೆಯ ಆಳು. ಸಾಲು ಸಾಲು ಮಗ್ಗಗಳು ಒಟ್ಟಿಗೆ ಬಡಿಯುವ ಆ ಶೆಡ್ಡಿನೊಳಗೆ ಪಕ್ಕದಲ್ಲಿ ನಿಂತವನು ಕಿರುಚಿದರೂ ಕೇಳಿಸದು. ಹಾಗಾಗಿ ಅಲ್ಲಿ ಯಾರೂ ಕಿರುಚುತ್ತಲೇ ಇರಲಿಲ್ಲ. ದನಿಯಿಲ್ಲದೆ ಬರೀ ಬಾಯಿ ಆಡಿಸಿ, ಒಬ್ಬರ ತುಟಿಯನ್ನು ಇನ್ನೊಬ್ಬರು ಓದಿಕೊಂಡು, ಮನೆಯ ಸುದ್ದಿ, ಊರ ಸುದ್ದಿ, ಮೇಸ್ತ್ರಿಯ ಮೇಲಿನ ಚಾಡಿ ಎಲ್ಲವನ್ನೂ ಮುಗಿಸುತ್ತಿದ್ದರು. ಮೇಸ್ತ್ರಿ ಬೆನ್ನ ಹಿಂದೆಯೇ ನಿಂತಿದ್ದರೂ ಚಿಂತೆಯಿಲ್ಲ! ಬುತ್ತಿ ಕೊಡಲು ಅವ್ವನ ಜೊತೆ ಹೋದಾಗ ಬಾಗಿಲ ಸಂದಿಯಿಂದ ಅದನ್ನು ನೋಡಿ ನನಗೆ ಮೈ ಜುಮ್ಮೆಂದಿತ್ತು. ಅಷ್ಟೊಂದು ಗದ್ದಲದ ನಡುವೆ ದೊಡ್ಡವರೆಲ್ಲ ಗುಟ್ಟು ಮಾತಾಡಿಕೊಂಡು ನಗುತ್ತಿದ್ದರು.

ನನಗೆ ಆರು ವರ್ಷವಿದ್ದಾಗ ಮನೆಗೆ ಬಂದ ವಿಷಮಜ್ವರ ಅವ್ವನನ್ನು ಕರೆದುಕೊಂಡು ಹೋಯಿತು. ಅಪ್ಪನೂ ಮಲಗಿದ್ದ. ಅವನೇನೋ ಎದ್ದ, ಆದರೆ ಮಗ್ಗದ ಸದ್ದು ತಿಂದು ಉಳಿಸಿದ್ದ ಅಷ್ಟಿಷ್ಟು ಕಿವಿಯನ್ನು ಜ್ವರ ನುಂಗಿತ್ತು. ಇದನ್ನು ಬರೆಯುವಾಗ ನನಗೆ ಈಗಲೂ ಸಿಟ್ಟು ಬರುತ್ತದೆ, ಯಾರ ಮೇಲೆ ಎಂದು ಮಾತ್ರ ಗೊತ್ತಿಲ್ಲ. ಮಿಲ್ಲಿನ ಕೆಲಸ ಹೋಯಿತು. ಅಪ್ಪ ಗಲ್ಲಿಯ ತುದಿಯಲ್ಲಿದ್ದ ಮಂಡಕ್ಕಿ ಭಟ್ಟಿಗೆ ಕೆಲಸಕ್ಕೆ ಸೇರಿದ. ಪೇಟೆಯಲ್ಲಿ ಒಮ್ಮೆ ಏನನ್ನೋ ಕೇಳಲು ಬಾಯಿ ತೆರೆದಾಗ ಅವನ ದನಿ ಅಳತೆ ಮೀರಿ ಹೊರಬಂದು, ಜನರೆಲ್ಲ ತಿರುಗಿ ನೋಡಿ ನಕ್ಕರಂತೆ. ಅಂದಿನಿಂದ ಅವನು ದನಿ ತೆಗೆಯುವುದನ್ನೇ ಬಿಟ್ಟ. ಯಾರ ಜೊತೆಯಾದರೂ ಸರಿ, ನನ್ನ ಜೊತೆಯಾದರೂ ಸರಿ, ಬರೀ ತುಟಿ.

ನನ್ನನ್ನು ಹರಿಹರಕ್ಕೆ, ಅವ್ವನ ತಾಯಿಯ ಮನೆಗೆ ಕಳಿಸಿದರು. ಅಜ್ಜಿ ಒಳ್ಳೆಯವಳೇ. ಹೊಳೆಗೆ ಬಟ್ಟೆ ಒಗೆಯಲು ಹೋಗುವಾಗ ನನ್ನನ್ನೂ ಕರೆದುಕೊಂಡು ಹೋಗುವಳು, ತುಂಗಭದ್ರೆಯ ಬಂಡೆಯ ಮೇಲೆ ಕೂರಿಸಿ ತಲೆ ಬಾಚುವಳು. ಆದರೆ ನನಗೆ ವಾರವೆಲ್ಲ ಕಾಯುವ ಕೆಲಸ ಒಂದೇ: ಭಾನುವಾರದ ರೈಲು. ಅಪ್ಪ ಅದರಲ್ಲಿ ಬಂದು ಸಂಜೆಯ ಗಾಡಿಗೆ ಹೊರಡುತ್ತಿದ್ದ. ಗಾಡಿ ಅಲುಗಿದ ಮೇಲೆ ಕಿಟಕಿಯ ಸರಳು ಹಿಡಿದು ತುಟಿಯಲ್ಲಿ ಏನೋ ಹೇಳುವನು. ಅದನ್ನು ನಾನು ಓದಬೇಕು! ಪ್ಲಾಟ್‌ಫಾರಂ ಮೇಲೆ ಓಡುತ್ತ, ಹೊಗೆಯಲ್ಲಿ ಕಣ್ಣುಜ್ಜುತ್ತ, ಅವನ ತುಟಿಯಿಂದ ಒಂದೊಂದೇ ಮಾತು ಹೆಕ್ಕಿಕೊಂಡದ್ದು ನನ್ನ ನಿಜವಾದ ಅಕ್ಷರಾಭ್ಯಾಸ.

ಒಂದು ಸಲ ಅವನು ‘ಮುಂದಿನ ವಾರ ಮಳೆ’ ಎಂದ ಹಾಗೆ ಕಂಡಿತು. ವಾರವೆಲ್ಲ ನಾನು ಆಕಾಶ ನೋಡಿದ್ದೇ ನೋಡಿದ್ದು. ಅಜ್ಜಿ ಹಪ್ಪಳ ಒಣಹಾಕಿದರೆ, ಮಳೆ ಬರ್ತೈತೆ ತೆಗಿ ಅಂತ ಗಲಾಟೆ. ಬಿಸಿಲು ಸುಡುತ್ತಿದ್ದ ಭಾನುವಾರ ಅಪ್ಪ ಇಳಿದ, ಜೇಬಿನಿಂದ ಕಾಗದದ ಪೊಟ್ಟಣ ತೆಗೆದ, ಒಳಗೆ ಹಸಿರು ಗಾಜಿನ ಬಳೆ! ಅವನು ಹೇಳಿದ್ದು ಬಳೆ, ನಾನು ನೋಡಿದ್ದು ಮಳೆ. ಪ, ಬ, ಮ ಈ ಮೂರು ಅಕ್ಷರಕ್ಕೂ ತುಟಿ ಮುಚ್ಚಿ ತೆರೆಯುವ ರೀತಿ ಒಂದೇ ಎಂದು ಅಪ್ಪ ಅವತ್ತು ತೋರಿಸಿಕೊಟ್ಟ. ಕಿವಿಗೆ ಬೇರೆ ಬೇರೆ, ಕಣ್ಣಿಗೆ ಮೂರೂ ಒಂದೇ. ಹಿಂದುಮುಂದಿನ ಮಾತು ನೋಡಿ ಯಾವುದೆಂದು ಊಹಿಸಿಕೊಳ್ಳಬೇಕು. ಮಗ್ಗದ ಖಾತೆಯವರು ಅದರಲ್ಲಿ ಪಳಗಿದವರು, ನಾನೂ ಪಳಗಿದೆ.

ಎರಡು ವರ್ಷ ಅಲ್ಲಿದ್ದು, ಮೂರನೆಯ ವರ್ಷ ಹಟ ಹಿಡಿದು ಅಪ್ಪನ ಜೊತೆ ರೈಲು ಹತ್ತಿಬಿಟ್ಟೆ. ಯಾರಾದರೂ ಬಾಗಿಲು ತಟ್ಟಿದ್ದು ಕೇಳದೆ, ಹಿಂದಿನಿಂದ ಬಂದ ಜಟಕಾ ಕೇಳದೆ ಅವನು ಬದುಕುತ್ತಿದ್ದಾನೆ ಎಂಬುದು ನನ್ನ ತಲೆಯಲ್ಲಿ ಕೂತಿತ್ತು. ಎಂಟು ವರ್ಷದವಳು ಅಪ್ಪನ ಕಿವಿಯಾದೆ. ಶಾಲೆ ಬಿಟ್ಟ ಮೇಲೆ ಭಟ್ಟಿಯಲ್ಲಿ ಕೂತು ಮಂಡಕ್ಕಿಯಿಂದ ಮರಳು ಜರಡಿ ಹಿಡಿಯುತ್ತಿದ್ದೆ. ಭಟ್ಟಿಯ ಯಜಮಾನರ ಹೆಂಡತಿಯನ್ನು ನಾನು ಚಾಚಿ ಎನ್ನುತ್ತಿದ್ದೆ. ಅವರು ಬೈಯುವಾಗ ಉರ್ದು, ತಿನ್ನಿಸುವಾಗ ಕನ್ನಡ. ನನ್ನ ತಲೆಯಲ್ಲಿ ಹೇನು ಹುಡುಕಿದವರೂ ಅವರೇ, ದೊಡ್ಡವಳಾದಾಗ ಹೇಳಬೇಕಾದ್ದನ್ನು ಹೇಳಿಕೊಟ್ಟವರೂ ಅವರೇ. ರೊಟ್ಟಿ ಮಾತ್ರ ಅಪ್ಪನ ಪಾಲು. ಹೆಂಚಿನ ಮೇಲೆ ರೊಟ್ಟಿ ಹಾಕಿ ನನ್ನ ತುಟಿ ನೋಡುತ್ತ ಕೂತರೆ ಅತ್ತ ರೊಟ್ಟಿ ಕರಕಲು. ನಮ್ಮ ಮನೆಯಲ್ಲಿ ಮಾತು ಹೆಚ್ಚಾದ ದಿನ ಊಟ ಕಡಿಮೆ.

ಇಷ್ಟೆಲ್ಲ ದಾಟಿ ನಾನು ಕಾಲೇಜು ಸೇರಿದೆ! ಊರಿಗೆ ಕಾಲೇಜು ಬಂದು ಹೆಚ್ಚು ಕಾಲವಾಗಿರಲಿಲ್ಲ. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಪಿ.ಯು.ಸಿ. ತರಗತಿಯ ಮೊದಲ ಬೆಂಚಿನಲ್ಲಿ ಕೈಬೆರಳಲ್ಲಿ ಎಣಿಸುವಷ್ಟು ಹುಡುಗಿಯರು, ಹಿಂದೆಲ್ಲ ಗಂಡು ಸೈನ್ಯ. ನನ್ನ ಕಷ್ಟವೇ ದೊಡ್ಡದು ಎಂದುಕೊಂಡು ಹೋದವಳಿಗೆ ಒಂದೇ ತಿಂಗಳಲ್ಲಿ ಗರ್ವಭಂಗವಾಯಿತು. ಕಡರನಾಯಕನಹಳ್ಳಿಯಿಂದ ಬರುವ ಹುಡುಗನೊಬ್ಬ ಹರಿಹರದ ತನಕ ನಡೆದು ರೈಲು ಹಿಡಿಯುತ್ತಿದ್ದ; ತಂದೆ ತಾಯಿ ಇಬ್ಬರನ್ನೂ ಕಂಡವನಲ್ಲ. ನನ್ನ ಪಕ್ಕ ಕೂರುವ ಹುಡುಗಿ ಮಲತಾಯಿ ಎದ್ದೇಳುವ ಮೊದಲೇ ನೀರು ಸೇದಿ, ಕಸ ಗುಡಿಸಿ, ಓಡಿ ಬರುವಳು. ಮಧ್ಯಾಹ್ನ ಬೇವಿನ ಮರದ ಕೆಳಗೆ ನನ್ನ ಮಂಡಕ್ಕಿ ಹಂಚಿಕೊಂಡು ತಿನ್ನುವಾಗ ನಾವು ಯಾರೂ ಅಳುತ್ತಿರಲಿಲ್ಲ. ನಗುವುದಕ್ಕೇ ಹೊತ್ತು ಸಾಲುತ್ತಿರಲಿಲ್ಲ. ಕಷ್ಟ ಉಂಡವರಿಗೆ ಹಸಿವು ಜಾಸ್ತಿ, ಓದಿನದೂ ಸೇರಿ. ನಮಗೆ ಎಲ್ಲವೂ ಬೇಕಿತ್ತು.

ನನಗೆ ಬೇಕಿದ್ದದ್ದು ಬಿ.ಎ. ಆದರೆ ನಮ್ಮ ಕನ್ನಡ ಮೇಷ್ಟ್ರು ಬಿ.ಎ. ಎನ್ನುತ್ತಿರಲಿಲ್ಲ. ‘ಪದವಿ’ ಎನ್ನುತ್ತಿದ್ದರು. ‘ನೀನು ಪದವಿ ಮಾಡಬೇಕಮ್ಮ, ನಿನ್ನಲ್ಲಿ ಕಿಚ್ಚಿದೆ’ ಎಂದು ಅವರು ಒಂದು ದಿನ ಎಲ್ಲರೆದುರು ಹೇಳಿದರು. ಬರುವ ಚರ್ಚಾಸ್ಪರ್ಧೆಗೆ ನನ್ನ ಹೆಸರನ್ನೂ ಸೇರಿಸಿಕೊಂಡರು. ನನ್ನ ಕಾಲು ನೆಲದ ಮೇಲಿರಲಿಲ್ಲ. ದಾರಿಯುದ್ದಕ್ಕೂ ಆ ಮಾತನ್ನು ಬಾಯಲ್ಲಿ ಹೊರಳಿಸಿಕೊಂಡು ಬಂದೆ. ಪದವಿ! ಪದವಿ! ಎಷ್ಟು ದೊಡ್ಡ ಮನೆತನದ ಮಾತು!

ಮನೆಗೆ ಬಂದವಳೇ ಭಟ್ಟಿಯಿಂದ ಆಗಷ್ಟೇ ಬಂದಿದ್ದ ಅಪ್ಪನ ಭುಜ ಹಿಡಿದು ತಿರುಗಿಸಿ, ತುಟಿಯಲ್ಲಿ ಹೇಳಿದೆ, ‘ಅಪ್ಪಾ, ಪರೀಕ್ಷೆ ಮುಗಿದ್ ಮ್ಯಾಲೆ ನಂಗೆ ಪದವಿ ಬೇಕು.’

ಅಪ್ಪ ಕಣ್ಣು ಕಣ್ಣು ಬಿಟ್ಟ. ಮುಖ ಕೆಂಪಾಯಿತು. ಆಮೇಲೆ ಕಣ್ಣಲ್ಲಿ ನೀರು ಬಂತು.

‘ಏನಂದೆ? ಇನ್ನೊಂದ್ಸಲ ಹೇಳವ್ವ.’

‘ಪದವಿ. ಬೇಕೇ ಬೇಕು. ಇಲ್ಲ ಅನ್ನಬ್ಯಾಡ.’

‘ಇಲ್ಲ ಅಂತೀನೇನು? ತಾಯಿ ಇಲ್ಲದ ಕೂಸು, ನಿನ್ ಬಾಯಿಂದ್ಲೇ ಕೇಳಂಗಾತಲ್ಲ. ನಾನೇ ತಿಳ್ಕಬೇಕಾಗಿತ್ತು’ ಎಂದು ಹಣೆ ಹಣೆ ಬಡಿದುಕೊಂಡ. ‘ಒಳ್ಳೆ ಕಡೇನೇ ನೋಡಾನ. ಹರಿಹರಕ್ಕೆ ಹೋಗಿ ಅಜ್ಜಿ ಕಿವಿಗೂ ಒಂದ್ ಮಾತು ಹಾಕ್ತೀನಿ.’

ಓದಿನ ಸುದ್ದಿಗೆ ಅಜ್ಜಿಯ ಅಪ್ಪಣೆ ಯಾಕೆ ಎಂದು ನಾನು ಯೋಚಿಸಲೇ ಇಲ್ಲ. ಅಪ್ಪ ಒಪ್ಪಿದ! ನಾನು ಕುಣಿದೆ. ಅಪ್ಪನೂ ನಕ್ಕ. ಅವತ್ತು ರೊಟ್ಟಿಯನ್ನು ಸೀಯಿಸಲೂ ಇಲ್ಲ. ಇಬ್ಬರಿಗೂ ಆನಂದವೋ ಆನಂದ, ಅವನದು ಅವನಿಗೆ, ನನ್ನದು ನನಗೆ.

ಭಾನುವಾರ ಅಪ್ಪ ಹರಿಹರಕ್ಕೆ ಹೋಗಿಬಂದ. ಸೋಮವಾರ ನಾನು ಭಟ್ಟಿಗೆ ಕಾಲಿಡುತ್ತಿದ್ದಂತೆ ಚಾಚಿ ಎರಡೂ ಕೈಯಿಂದ ನನ್ನ ಕೆನ್ನೆ ಸವರಿ ನೆಟಿಗೆ ಮುರಿದರು.

‘ಮುಬಾರಕ್ ಬೇಟಿ! ಹರಿಹರದ ಹತ್ರ ಸಾರಥಿ ಅನ್ನೋ ಊರಿನ ಹುಡುಗ ಅಂತಲ್ಲ? ಹೊಲ ಐತೆ, ಎತ್ತು ಐತೆ. ನಿಮ್ಮಪ್ಪ ಕೈ ಸನ್ನೇಲಿ ಎಲ್ಲಾ ಹೇಳ್ದ. ಶಾದಿಗೆ ನಂಗೆ ಹೊಸ ಸೀರೆ ಕೊಡಿಸ್ಬೇಕು ನೋಡು!’

‘ಯಾರ ಶಾದಿ ಚಾಚಿ?’

‘ನಿಂದೇ! ನೀನೇ ಬಾಯಿಬಿಟ್ಟು ಕೇಳಿದ್ಯಂತೆ. ನಾಚ್ಕಿ ಇಲ್ಲದೋಳು!’ ಎಂದು ಗಲ್ಲ ಹಿಂಡಿದರು.

ಜರಡಿ ಅಲ್ಲೇ ಬಿಟ್ಟು ಮನೆಗೆ ಓಡಿದೆ. ಓಡುವಾಗಲೇ ನನಗೆ ಹೊಳೆಯಿತು. ನಮ್ಮ ಕಡೆ ಮದುವೆಯನ್ನು ತಿದ್ದಿ ತೀಡಿ ಯಾರು ಅನ್ನುತ್ತಾರೆ? ಅದು ಮದುವಿ, ಅವಸರವಾದರೆ ಮದವಿ. ಮದವಿ, ಪದವಿ! ತುಟಿಗೆ ಎರಡೂ ಒಂದೇ. ಅಪ್ಪ ಹುಟ್ಟಿದಾಗಿನಿಂದ ಪದವಿ ಎಂಬ ಮಾತು ಕೇಳಿದವನಲ್ಲ, ಕಿವಿ ಇದ್ದ ಕಾಲದಲ್ಲೂ. ನೆಟ್ಟಗೆ ಬಿ.ಎ. ಅಂದಿದ್ದರೆ ಮುಗಿಯುತ್ತಿತ್ತು. ಮೇಷ್ಟ್ರ ಕನ್ನಡವನ್ನು ಮಂಡಕ್ಕಿ ಭಟ್ಟಿಯವನ ಮನೆಗೆ ತಂದವಳು ನಾನು, ಅನುಭವಿಸಬೇಕು!

ಮನೆಯಲ್ಲಿ ಅಪ್ಪ ಗೋಡೆಗೆ ಸುಣ್ಣ ಬಳಿಯುತ್ತಿದ್ದ. ಅವನ ಮುಂದೆ ನಿಂತು ಹೇಳಿದೆ, ‘ಅಪ್ಪಾ, ನಾನ್ ಕೇಳಿದ್ದು ಮದವಿ ಅಲ್ಲ.’ ಅವನಿಗೆ ಮೊದಲು ತಿಳಿಯಲಿಲ್ಲ. ಕೊರಳಲ್ಲಿ ತಾಳಿಯ ಹಾಗೆ ಬೆರಳಾಡಿಸಿ, ಇದು ಅಲ್ಲ ಎಂದು ತೋರಿಸಿದೆ. ಪುಸ್ತಕ ಎತ್ತಿ, ಇದು ಎಂದು ತೋರಿಸಿದೆ. ‘ಬಿ.ಎ. ಓದದು. ಇನ್ನೂ ಮೂರು ವರ್ಷ. ಅದಕ್ಕೆ ಪದವಿ ಅಂತಾರೆ.’

ಸುಣ್ಣದ ಪೊರಕೆ ಅಪ್ಪನ ಕೈಯಲ್ಲೇ ಇತ್ತು. ನನಗೆ ನಗು ತಡೆಯಲಾಗಲಿಲ್ಲ, ಬಿದ್ದು ಬಿದ್ದು ನಕ್ಕೆ. ಅಪ್ಪ ನಗಲಿಲ್ಲ.

‘ಮಾತು ಕೊಟ್ಟು ಬಂದೀನವ್ವ’ ಎಂದ. ‘ಬರೋ ಸೋಮವಾರ ಅವ್ರು ನೋಡಾಕೆ ಬರ್ತಾರೆ. ಮಾತು ಆಡಿದ್ರೆ ಹೋತು, ಮುತ್ತು ಒಡೆದ್ರೆ ಹೋತು.’

ಈಗ ನನ್ನ ನಗು ನಿಂತಿತು.

‘ತಪ್ಪು ತಿಳ್ಕಂಡು ಕೊಟ್ಟ ಮಾತು ಅದು!’

‘ಅವ್ರಿಗೇನು ಅದು ಗೊತ್ತೇನು? ಅಲ್ಲವ್ವ, ಅದನ್ನ ಓದಿ ನೀನು ಮಾಡದೇನು? ನಾನೆಷ್ಟು ದಿನ ಇರ್ತೀನಿ? ಹೊಲ ಇರೋ ಮನಿ. ಒಂದಿನನೂ ಹಸ್ಗಂಡು ಮಲಗಲ್ಲ ನೀನು.’

ಹಸಿವು ಕಂಡವನು ಮಗಳಿಗೆ ಹೊಲ ಹುಡುಕಿದ್ದ. ತಪ್ಪೇನು? ಆದರೂ ಬಿ.ಎ. ಬಿಡಲು ನಾನು ಸಿದ್ಧಳಿರಲಿಲ್ಲ. ಬಾಯಿಗೆ ಬಂದದ್ದು ಹೇಳಿದೆ, ‘ಶನಿವಾರ ಕಾಲೇಜಿಗೆ ಬಾ. ನಾನ್ ಮಾತಾಡ್ತೀನಿ. ಅಲ್ಲಿ ನಾನ್ ಮಾಡದೇನು ಅಂತ ನೋಡು. ಆಮೇಲೆ ನೀನ್ ಹೇಳ್ದಂಗೆ.’

‘ಕಿವುಡನ ಮುಂದೆ ಕಿನ್ನರಿ ಬಾರ್ಸಿದಂಗೆ’ ಎಂದು ಅಪ್ಪ ಗೋಡೆಯ ಕಡೆ ತಿರುಗಿಬಿಟ್ಟ.

ಶನಿವಾರ ಕಾಲೇಜಿನ ದೊಡ್ಡ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಚರ್ಚೆಯ ವಿಷಯ, ಹೆಣ್ಣುಮಕ್ಕಳಿಗೆ ಕಾಲೇಜು ಓದು ಬೇಕೆ ಬೇಡವೆ. ನನಗಿಂತ ಮೊದಲು ಮಾತಾಡಿದ ಹುಡುಗ ಒಳ್ಳೆ ಮಾತುಗಾರ. ಹುಡುಗಿಯರು ಕಾಲೇಜಿಗೆ ಬಂದರೆ ಮನೆಯಲ್ಲಿ ರೊಟ್ಟಿ ಸೀಯುತ್ತದೆ ಎಂದು ಹೇಳಿ ಚಪ್ಪಾಳೆ ಗಿಟ್ಟಿಸಿದ. ನನ್ನ ಸರದಿ ಬಂತು. ವೇದಿಕೆ ಹತ್ತಿ ನಿಂತೆನೋ ಇಲ್ಲವೋ, ಹಿಂದಿನ ಬೆಂಚುಗಳಿಂದ ಶುರುವಾಯಿತು: ‘ಅಡಿಗೆ ಮನಿ! ಅಡಿಗೆ ಮನಿ!’ ಬೆಂಚು ಬಡಿದರು, ಕಾಲು ಕುಟ್ಟಿದರು, ಶಿಳ್ಳೆ ಹೊಡೆದರು. ಹುಡುಗಿ ಎದ್ದು ನಿಂತರೆ ಹೀಗೆ ಮಾಡಿ ಕೂರಿಸುವುದು ಆಗ ನಡೆದುಬಂದ ಪದ್ಧತಿ. ಆ ಹುಡುಗನಿಗೂ ಮೊದಲು ಎದ್ದಿದ್ದ ಹುಡುಗಿ ಹೀಗೇ ಅಳುತ್ತ ಕೂತುಬಿಟ್ಟಿದ್ದಳು. ಮೇಷ್ಟ್ರು ಮೇಜು ಗುದ್ದಿದರು, ಅದೂ ಗದ್ದಲಕ್ಕೇ ಸೇರಿಕೊಂಡಿತು.

ಆಗ ಪಕ್ಕದ ಬಾಗಿಲಲ್ಲಿ ಅಪ್ಪ ಕಂಡ. ಒಗೆದ ಧೋತರ, ತಲೆಗೆ ಬಿಳಿ ರುಮಾಲು. ಮುಖ ಗಾಬರಿಯಾಗಿತ್ತು. ಹುಡುಗರ ಬಾಯಿ, ಬೆಂಚಿನ ಮೇಲೆ ಬೀಳುವ ಕೈ, ಎಲ್ಲ ಕಂಡು ತನ್ನ ಮಗಳಿಗೆ ಏನೋ ಆಗುತ್ತಿದೆ ಎಂದು ಅವನಿಗೆ ಗೊತ್ತಾಗಿತ್ತು. ಒಂದು ಹೆಜ್ಜೆ ಒಳಗೆ ಇಟ್ಟಿದ್ದ.

ನನಗೆ ಇದ್ದಕ್ಕಿದ್ದಂತೆ ಎದೆಯಲ್ಲಿ ಸಂತೋಷ ಉಕ್ಕಿತು! ಈ ಸದ್ದು ನನಗೆ ಗೊತ್ತು. ಇದು ಮಗ್ಗದ ಖಾತೆ. ಇಲ್ಲಿ ಕಿರುಚುವವರು ದಡ್ಡರು. ನಾನು ದನಿ ತೆಗೆಯಲೇ ಇಲ್ಲ. ಅಪ್ಪನ ಕಡೆ ತಿರುಗಿ, ಬರೀ ತುಟಿಯಲ್ಲಿ, ನಿಧಾನವಾಗಿ, ಮೇಷ್ಟ್ರ ಕನ್ನಡ ಬಿಟ್ಟು ನಮ್ಮ ಮನೆಯ ಮಾತಿನಲ್ಲಿ ಭಾಷಣ ಶುರುಮಾಡಿದೆ. ಅಪ್ಪ ನಿಂತಲ್ಲೇ ನಿಂತ. ಅವನ ಕಣ್ಣು ನನ್ನ ತುಟಿಗೆ ಅಂಟಿಕೊಂಡಿತು. ಅವ್ವನಿಗೆ ಜ್ವರ ಬಂದಾಗ ಔಷಧಿಯ ಚೀಟಿ ಓದುವವರು ಮನೆಯಲ್ಲಿ ಯಾರೂ ಇರಲಿಲ್ಲ ಎಂದೆ. ಅಪ್ಪ ತಲೆಯಾಡಿಸಿದ. ಹೊಲ ಹಸಿವು ಕಳೆಯುತ್ತದೆ, ಆದರೆ ನನಗಿರುವುದು ಎರಡು ಹಸಿವು ಎಂದೆ. ಅವನು ಮತ್ತೆ ತಲೆಯಾಡಿಸಿದ, ನಿಧಾನವಾಗಿ. ಆಮೇಲೆ ಹೇಳಿದೆ, ‘ಹುಡುಗೇರು ಓದಿದ್ರೆ ರೊಟ್ಟಿ ಸೀಯ್ತೈತೆ ಅಂದ್ರು. ನಮ್ಮನೇಲಿ ರೊಟ್ಟಿ ಮಾಡೋನು ನಮ್ಮಪ್ಪ. ಅವ್ನು ಕಾಲೇಜಿನ ಬಾಗ್ಲು ಇವತ್ತೇ ನೋಡಿದ್ದು. ಆದ್ರೂ ಹತ್ತು ವರ್ಷದಿಂದ ರೊಟ್ಟಿ ಸೀಯಿಸ್ತಾನೆ!’

ಅಪ್ಪ ನಕ್ಕ. ದನಿ ತೆಗೆದು ನಕ್ಕ! ಅವನಿಗೆ ತನ್ನ ನಗುವಿನ ಅಳತೆ ಗೊತ್ತಿಲ್ಲವಲ್ಲ, ಅಷ್ಟು ಹುಡುಗರ ಗದ್ದಲವನ್ನು ಸೀಳಿಕೊಂಡು ಆ ನಗು ಕೋಣೆಯ ತುಂಬ ಮೊಳಗಿತು. ಎಲ್ಲರೂ ತಿರುಗಿ ನೋಡಿದರು. ಒಬ್ಬ ಮುದುಕಪ್ಪ ಹೊಟ್ಟೆ ಹಿಡಿದು ನಗುತ್ತಿದ್ದಾನೆ, ವೇದಿಕೆಯ ಮೇಲಿನ ಹುಡುಗಿಯ ಬಾಯಿ ಆಡುತ್ತಿದೆ, ತಮಗೆ ಮಾತ್ರ ಏನೂ ಕೇಳಿಸುತ್ತಿಲ್ಲ! ಬೆಂಚು ಬಡಿಯುವುದು ನಿಂತಿತು. ‘ಏನ್ ಹೇಳಿದ್ರು? ಏನಂತೆ?’ ಎಂದು ಒಬ್ಬರನ್ನೊಬ್ಬರು ಕೇಳಿಕೊಂಡರು. ಕೊನೆಗೆ ಶಿಳ್ಳೆ ಹೊಡೆದಿದ್ದವನೇ ಎದ್ದು ಕೂಗಿದ, ‘ರೀ, ಜೋರಾಗ್ ಹೇಳ್ರಿ! ನಮಗೂ ಕೇಳ್ಸಬೇಕಲ್ರಿ!’

ಹೇಳಿದೆ. ಈ ಸಲ ದನಿ ತೆಗೆದು, ಮೊದಲಿನಿಂದ ಕೊನೆಯವರೆಗೆ. ರೊಟ್ಟಿಯ ಮಾತಿಗೆ ಕೋಣೆ ಬಿದ್ದುಹೋಗುವ ಹಾಗೆ ನಕ್ಕರು. ಬಹುಮಾನ ಮಾತ್ರ ಆ ರೊಟ್ಟಿಯ ಹುಡುಗನಿಗೇ ಹೋಯಿತು, ಅವನ ಉಚ್ಚಾರ ಶುದ್ಧವಾಗಿತ್ತಂತೆ. ಹಾಳಾಗಿ ಹೋಗಲಿ ಬಹುಮಾನ!

ಸಂಜೆ ರೊಟ್ಟಿಯ ಮುಂದೆ ಕೂತು ಕೇಳಿದೆ, ‘ಏನ್ ಮಾಡ್ತಿ ಅಪ್ಪಾ?’ ಅವನು ಕಣ್ಣು ಮುಚ್ಚಿಕೊಂಡ. ಈ ಸಲ ಅವನ ರೆಪ್ಪೆ ಬಿಡಿಸಲು ನನಗೆ ಧೈರ್ಯ ಬರಲಿಲ್ಲ.

ಬೆಳಿಗ್ಗೆ ಅವನು ಹರಿಹರಕ್ಕೆ ಹೊರಟ. ಏನು ಹೇಳಲು ಹೋಗುತ್ತಿದ್ದಾನೆ, ನಾಳೆ ಬನ್ನಿ ಎಂದೋ ಬರಬೇಡಿ ಎಂದೋ? ನಾನು ಹಿಂದೆಯೇ ಸ್ಟೇಷನ್ನಿಗೆ ಹೋದೆ. ಗಾಡಿ ಬಂತು, ಹತ್ತಿದ, ಕಿಟಕಿಯ ಸರಳು ಹಿಡಿದು ಕೂತ. ಗಾಡಿ ಅಲುಗಿದ ಮೇಲೆ, ಹರಿಹರದ ಆ ಭಾನುವಾರಗಳ ಹಾಗೆಯೇ, ಅವನ ತುಟಿ ಆಡಿತು. ಒಂದೇ ಒಂದು ಮಾತು.

ಮದವಿಯೋ? ಪದವಿಯೋ?

ಹಿಂದುಮುಂದಿನ ಮಾತಿಲ್ಲ, ಊಹಿಸುವುದು ಹೇಗೆ? ನಾನು ಓಡಿದೆ. ಕೈಯಾಡಿಸಿ, ತಿಳಿಯಲಿಲ್ಲ ಎಂದೆ. ಅವನು ಮತ್ತೆ ಅಂದ, ಮತ್ತೆ ಅದೇ ತುಟಿ. ಪ್ಲಾಟ್‌ಫಾರಂ ಮುಗಿಯುತ್ತ ಬಂದಿತ್ತು. ನನಗೆ ಅಳುವೇ ಬಂತು. ನನ್ನ ಮುಖ ನೋಡಿದ ಅಪ್ಪ ಸರಳಿಗೆ ಮುಖ ಒತ್ತಿ, ಜನ ನಗುತ್ತಾರೆಂದು ಹತ್ತು ವರ್ಷದಿಂದ ಮುಚ್ಚಿಟ್ಟಿದ್ದ ದನಿಯನ್ನು ಹೊರಗೆ ತೆಗೆದ.

‘ಬದವೀ!’ ಎಂದು ಕೂಗಿದ. ‘ಬದವಿ ಮಾಡವ್ವಾ! ಬದವೀ!’

ಗಾಡಿಯವರೆಲ್ಲ ಇಣುಕಿದರು. ಹಮಾಲಿಯೊಬ್ಬ ಮೂಟೆ ಇಳಿಸಿ, ‘ಏನಂತಮ್ಮ ಅದು, ಬದವಿ?’ ಎಂದು ನಕ್ಕ. ನಾನೂ ನಗುತ್ತಿದ್ದೆ, ಕೆನ್ನೆಯೆಲ್ಲ ಒದ್ದೆಯಾಗಿತ್ತು. ಮದವಿಯಾಗಿದ್ದರೆ ಅಪ್ಪನ ಬಾಯಲ್ಲಿ ತಪ್ಪುತ್ತಿರಲಿಲ್ಲ; ಪದವಿಯನ್ನು ಅವನು ಎಂದೂ ಕೇಳಿದವನಲ್ಲ, ನನ್ನ ತುಟಿಯ ಮೇಲೆ ನೋಡಿದ್ದ ಅಷ್ಟೆ. ಮೂರು ಅಕ್ಷರದಲ್ಲಿ ಒಂದನ್ನು ಆರಿಸಿಕೊಳ್ಳಬೇಕಿತ್ತು, ಆರಿಸಿಕೊಂಡಿದ್ದ.

ಮೂರು ವರ್ಷದ ಮೇಲೆ ನಾನು ಬಿ.ಎ. ಮುಗಿಸಿದ ದಿನ ಅಪ್ಪ ಗಲ್ಲಿಯ ಮನೆಮನೆಗೂ ಹೋಗಿ, ದನಿ ತೆಗೆದೇ ಹೇಳಿಬಂದ, ‘ನನ್ ಮಗಳು ಬದವಿ ಮುಗಿಸಿದ್ಲು.’ ಮೇಷ್ಟ್ರು ಕೇಳಿದ್ದರೆ ತಿದ್ದುತ್ತಿದ್ದರೋ ಏನೋ. ನಾನು ತಿದ್ದಲಿಲ್ಲ. ಇವತ್ತಿಗೂ ಯಾರಾದರೂ ಎಷ್ಟು ಓದಿದ್ದೀರಿ ಎಂದು ಕೇಳಿದರೆ ನನ್ನ ಬಾಯಿಗೆ ಮೊದಲು ಬರುವುದು ಅದೇ ಮಾತು.